ಐದು ಎಣಿಸುವವರೆಗೆ

ಮಾರ್ಚ್ 3, ಸೋಮವಾರ

ಇವತ್ತೂ ಅದೇ. ಇಂಜೆಕ್ಷನ್ ಬಾಟಲಿ ಎತ್ತು, ಅಲ್ಲಾಡಿಸು. ಬಿಳಿ ಹಲಗೆಯ ಮುಂದೆ ಐದು ಎಣಿಸು, ಕಪ್ಪು ಹಲಗೆಯ ಮುಂದೆ ಐದು. ಒಳಗೆ ಎಳೆ, ಕಸ, ಗಾಜಿನ ಚೂರು ತೇಲಿದರೆ ಕೆಂಪು ಟ್ರೇಗೆ. ಎಣಿಸಿ ಮುಗಿಯುವ ತನಕ ರೆಪ್ಪೆ ಬಡಿಯುವ ಹಾಗಿಲ್ಲ. ಕಂಪನಿಯ ನಿಯಮ ಅಲ್ಲ ಇದು, ನಮ್ಮದೇ ಜಂಬ. ರೆಪ್ಪೆ ಬಡಿದವಳು ಹೊಸಬಳು ಅಂತ. ನಾನು ಇಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ.

ಮಧ್ಯಾಹ್ನದ ಮೇಲೆ ಕಣ್ಣಲ್ಲಿ ಮರಳು ಹೊಕ್ಕ ಹಾಗೆ. ಎ.ಸಿ. ಗಾಳಿ ನೇರ ಮುಖಕ್ಕೆ ಬಡಿಯುತ್ತದೆ. ಸುಸ್ತು... ಬೇಗ ಮಲಗಬೇಕು.

ಮಾರ್ಚ್ 7, ಶುಕ್ರವಾರ

ಉರಿ. ಅದರ ಮೇಲೆ ನೀರು ಬೇರೆ. ಬಸ್ಸಿನಲ್ಲಿ ಪಕ್ಕದ ಹೆಂಗಸು "ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೈ ಹಿಡಿದುಕೊಂಡಳು. ಇಲ್ಲ ಅಂದೆ. ನಂಬಲಿಲ್ಲ. ಅವಳ ಸ್ಟಾಪ್ ಬರುವವರೆಗೆ ಬಿಡಲೂ ಇಲ್ಲ.

ಮಗಳು ಫೋನಿನಲ್ಲಿ ಓದಿ ಹೇಳಿದಳು: "ಅಮ್ಮಾ, ಕಣ್ಣು ಒಣಗಿದ್ರೂ ನೀರು ಸುರಿಯುತ್ತಂತೆ."

"ಹೌದೌದು, ನಲ್ಲಿ ಸೋರ್ತಿದೆ ಅಂದ್ರೆ ಟ್ಯಾಂಕ್ ಖಾಲಿ ಅಂತ ಅರ್ಥ," ಅಂದರು ಇವರು. ನಗು ಬಂತು. ನಕ್ಕರೂ ಉರಿ.

ಮಾರ್ಚ್ 12, ಬುಧವಾರ

ಕನ್ನಡಿಯಲ್ಲಿ ನೋಡಿಕೊಂಡರೆ ಎರಡೂ ಕಣ್ಣು ಕೆಂಡ. ಅತ್ತಿಗೆ, ಅಣ್ಣನ ಹೆಂಡತಿ, ಟಾಯ್ಲೆಟ್‌ಗೆ ಎಳೆದುಕೊಂಡು ಹೋದಳು. ನನಗೆ ಈ ಕೆಲಸ ಕೊಡಿಸಿದ್ದೇ ಅವಳು; ಈಗಲೂ ಪಕ್ಕದ ಸೀಟು. ಬ್ಯಾಗಿನಿಂದ ಪುಟ್ಟ ಡ್ರಾಪ್ಸ್ ತೆಗೆದಳು.

"ಹಾಕ್ಕೋ, ಕೆಂಪು ಹೋಗುತ್ತೆ. ನಾನೂ ದಿನಾ ಹಾಕ್ಕೋತೀನಿ."

"ಡಾಕ್ಟರ್‌ಗೆ ತೋರಿಸ್ಲಾ?"

"ಸೋಮವಾರ ನಮ್ಮ ಕಣ್ಣಿನ ಟೆಸ್ಟ್ ಇದೆ ಮಾರಾಯ್ತಿ. ಚೀಟಿ ಬರೆಸ್ಕೊಂಡು ಬಂದ್ರೆ ಸೀದಾ ಪ್ಯಾಕಿಂಗ್‌ಗೆ. ರಿಟೈರ್ ಆಗೋ ತನಕ ರಟ್ಟಿನ ಡಬ್ಬ ಮಡಚ್ತಾ ಕೂತಿರು."

ಹಾಕಿದೆ. ಹತ್ತು ನಿಮಿಷದಲ್ಲಿ ಕಣ್ಣು ಬೆಳ್ಳಗೆ. ಊಟದ ಹೊತ್ತಿಗೆ ಮೊದಲಿಗಿಂತ ಕೆಂಪು. ಮತ್ತೆ ಹಾಕಿದೆ. ಸಂಜೆಯೊಳಗೆ ಆರು ಸಲ ಆಯಿತು.

ಮಾರ್ಚ್ 17, ಸೋಮವಾರ

ಟೆಸ್ಟ್ ಮುಗಿಯಿತು. ನಂಬರ್ ಹಾಕಿದ ಅರವತ್ತು ಬಾಟಲಿ, ಅದರಲ್ಲಿ ಒಂಬತ್ತು ಕೆಟ್ಟವು. ಅವನ್ನು ಹುಡುಕಬೇಕು. ಆರು ತಿಂಗಳಿಗೊಮ್ಮೆ ಈ ಟ್ರೇ ಬೀರುವಿನಿಂದ ಹೊರಗೆ ಬರುತ್ತದೆ, ಮತ್ತೆ ಬೀರು ಸೇರುತ್ತದೆ. ಅದನ್ನು ಬದಲಾಯಿಸಿದ್ದೇ ಇಲ್ಲ.

ಏಳರಲ್ಲಿ ಎಳೆ. ಹತ್ತೊಂಬತ್ತರಲ್ಲಿ ಕಪ್ಪು ಚುಕ್ಕೆ. ಮೂವತ್ತೆರಡರ ಕುತ್ತಿಗೆಯಲ್ಲಿ ಬಿರುಕು...

ಇವತ್ತು ಏಳರಲ್ಲಿ ಎಳೆ ಕಾಣಲಿಲ್ಲ. ಹತ್ತೊಂಬತ್ತರಲ್ಲೂ ಏನಿಲ್ಲ. ಬರೀ ಮಬ್ಬು. ಆದರೂ ಒಂಬತ್ತನ್ನೂ ಎತ್ತಿ ಕೆಂಪು ಟ್ರೇಯಲ್ಲಿಟ್ಟೆ. ಪೂರ್ತಿ ಅಂಕ. "ಹದ್ದಿನ ಕಣ್ಣು ನಿಮ್ಮದು," ಅಂದರು ಸೂಪರ್‌ವೈಸರ್, ಎಲ್ಲರ ಮುಂದೆ. ನಾಚಿಕೆಯಾಯಿತು. ಥ್ಯಾಂಕ್ಸ್ ಅಂದೆ.

ಮಾರ್ಚ್ 18, ಮಂಗಳವಾರ

ಬಲಗಣ್ಣು ಮಂಜು. ಮೊದಲೆಲ್ಲ ನಾಲ್ಕು ಸಲ ರೆಪ್ಪೆ ಬಡಿದರೆ ಸರಿಹೋಗುತ್ತಿತ್ತು. ಇವತ್ತು ಹೋಗಲಿಲ್ಲ. ಹದಿನಾಲ್ಕು ಟ್ರೇ ಪಾಸ್ ಮಾಡಿದೆ.

ಮಾರ್ಚ್ 21, ಶುಕ್ರವಾರ. ಮಧ್ಯಾಹ್ನ 3

ಬೆಳಗ್ಗೆ ಕೆಲಸಕ್ಕೆ ಕೂತು ಹಲಗೆಯ ಮೇಲಿನ ಲೈಟ್ ಹಾಕಿದ ಕೂಡಲೇ ಕಣ್ಣಿಗೆ ಸೂಜಿ ಚುಚ್ಚಿದ ಹಾಗೆ ನೋವು. ಕಣ್ಣು ಬಿಡುವುದಕ್ಕೇ ಆಗಲಿಲ್ಲ. ಇವರು ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಒಂದೂ ಜೋಕಿಲ್ಲ.

ಡಾಕ್ಟರಮ್ಮ ಕಣ್ಣಿಗೆ ಹಳದಿ ಬಣ್ಣ ಹಾಕಿ, ನೀಲಿ ದೀಪ ಹಿಡಿದು ನೋಡಿದರು. ಕಣ್ಣೀರು ಸಾಲದೆ ಕಣ್ಣಿನ ಮೇಲ್ಪದರ ಪೂರ್ತಿ ಒಣಗಿದೆಯಂತೆ. ಬಲಗಣ್ಣಲ್ಲಿ ಹುಣ್ಣು. ಡ್ರಾಪ್ಸ್ ತೋರಿಸಿದೆ. ಡಸ್ಟ್‌ಬಿನ್‌ಗೆ ಎಸೆದರು.

"ಉರಿ, ಮರಳು ಅಂದಾಗಲೇ ಬಂದಿದ್ರೆ ಕಣ್ಣೀರಿನಂಥ ಡ್ರಾಪ್ಸ್ ಕೊಟ್ಟು, ಬಿಸಿಬಟ್ಟೆ ಇಡಿ, ರೆಪ್ಪೆ ಬಡೀರಿ ಅಂತ ಹೇಳಿ ಕಳಿಸ್ತಿದ್ದೆ. ಮಂಜಾದ್ರೆ, ನೋವು ಬಂದ್ರೆ, ಬೆಳಕು ತಡೆಯೋಕೆ ಆಗದಿದ್ರೆ ಒಂದು ದಿನಾನೂ ಕಾಯಬಾರ್ದು. ನೀವು ಎಷ್ಟು ದಿನ ಕಾದ್ರಿ?"

"ನಾಲ್ಕು."

"ಕೆಲಸ ಏನು?"

ಹೇಳಿದೆ. ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು. "ಆ ನಾಲ್ಕು ದಿನ ಏನಮ್ಮಾ ನೋಡಿದ್ರಿ?"



ಮಾರ್ಚ್ 22, ಶನಿವಾರ. ಬೆಳಗ್ಗೆ 11

ಬಲಗಣ್ಣಿಗೆ ಗಂಟೆಗೊಮ್ಮೆ ಔಷಧಿ. ಕಲೆ ಉಳಿಯಬಹುದಂತೆ. ಎಡಗಣ್ಣಲ್ಲೇ, ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ರಾತ್ರಿ ನಿದ್ದೆಯಿಲ್ಲ. ಆ ಬಾಟಲಿಗಳು ಯಾರದೋ ರಕ್ತನಾಳಕ್ಕೆ ಹೋಗುವಂಥವು. ಬೆಳಗಾಗುತ್ತಲೇ ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ನಾಲ್ಕು ದಿನ ನನಗೆ ಕಣ್ಣು ಕಾಣುತ್ತಿರಲಿಲ್ಲ, ನಾನು ಪಾಸ್ ಮಾಡಿದ್ದೆಲ್ಲ ಹೊರಗೆ ಹೋಗುವ ಮೊದಲು ಮತ್ತೆ ನೋಡಿಸಿ ಅಂದೆ. ಕೆಲಸ ಹೋದರೆ ಹೋಗಲಿ ಅನ್ನಿಸಿತ್ತು.

"ಸೋಮವಾರ ಟೆಸ್ಟ್‌ನಲ್ಲಿ ಪೂರ್ತಿ ತಗೊಂಡ್ರಲ್ಲಮ್ಮಾ?"

"ಆ ಟ್ರೇ ನಂಗೆ ಬಾಯಿಪಾಠ ಸರ್."

ಅವರು ಮೆತ್ತಗೆ ಕೇಳಿದರು:

"ನಿಮಗೊಬ್ರಿಗೇನಾ, ಎಲ್ಲರಿಗೂನಾ?"

ಬಾಗಿಲಲ್ಲಿ ಅತ್ತಿಗೆ. ನನ್ನನ್ನು ನೋಡಲು ಬಂದವಳು, ಕೈಯಲ್ಲಿ ಹಣ್ಣಿನ ಚೀಲ. ಕಣ್ಣು ಕೆಂಪಗಿತ್ತು. ಬೇಡ ಅಂತ ತಲೆ ಅಲ್ಲಾಡಿಸಿದಳು.

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದು, "ಸರ್, ಎಲ್ಲರಿಗೂ," ಅಂದೆ.