ನಾಲ್ಕು ತಿಂಗಳ ಕೂಸಿಗೆ ಕಣ್ಣಿನ ಪೊರೆ ಆಪರೇಷನ್

ನಾಗರಿಕರ ದಾಖಲೆಗಳನ್ನೆಲ್ಲ ಒಂದುಗೂಡಿಸುತ್ತಿರುವ ವಿಭಾಗದ ನಿರ್ದೇಶಕರೇ,

ರಾತ್ರಿ ಎರಡು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಫೋನು ‘ಟಿಣ್’ ಎಂದಿತು. ಮಗು ಕಣ್ಣು ಮುಚ್ಚಿ ಹನ್ನೊಂದು ನಿಮಿಷವಾಗಿತ್ತು, ಅದೂ ಎದ್ದಿತು. ಸಂದೇಶ ನಿಮ್ಮದು: “ಬೆಳಿಗ್ಗೆ ಎಂಟಕ್ಕೆ ನಿಮ್ಮ ಬಲಗಣ್ಣಿನ ಪೊರೆ ಶಸ್ತ್ರಚಿಕಿತ್ಸೆ. ಈಗಿನಿಂದ ಏನನ್ನೂ ಸೇವಿಸಬೇಡಿ. ರೋಗಿಯ ವಯಸ್ಸು: ನಾಲ್ಕು ತಿಂಗಳು.” ರೋಗಿ ಅಷ್ಟರಲ್ಲಿ ಹಾಲು ಕುಡಿಯತೊಡಗಿದ್ದ. ನಿಮ್ಮ ಸೂಚನೆಯನ್ನು ಅವನಿಗೆ ಓದಿ ಹೇಳಿದೆ. ಇಲಾಖೆಯ ಮೇಲೆ ಅವನಿಗೆ ಅಂಥ ಭಯಭಕ್ತಿ ಇದ್ದಂತಿಲ್ಲ, ಗುಟುಕು ತಪ್ಪಿಸಲಿಲ್ಲ.

ಆ ಆಪರೇಷನ್ ನನ್ನ ಮಾವನವರದು. ನಲವತ್ತು ವರ್ಷ ಟೈಲರ್ ಆಗಿದ್ದವರು. ಈಗ ಸೂಜಿಗೆ ದಾರ ಪೋಣಿಸುವುದಿರಲಿ, ಸೂಜಿ ಯಾವ ಕೈಯಲ್ಲಿದೆ ಎಂದು ನನ್ನನ್ನು ಕೇಳುತ್ತಾರೆ. ಮೊಮ್ಮಗ ಹುಟ್ಟಿದ ಖುಷಿಗೆ, ಬೇಡವೆಂದರೂ ಕೇಳದೆ, ಕೈಯಳತೆಯಲ್ಲೇ ಒಂದು ಅಂಗಿ ಹೊಲಿದರು. ಕತ್ತು ತೂರಬೇಕಾದಲ್ಲಿ ತೋಳು ತೂರುತ್ತದೆ. ಬಂದವರೆಲ್ಲ “ಮಗು ಥೇಟ್ ತಾತನೇ” ಎಂದರೆ ಇವರು, “ನೀವು ನೋಡಿದೀರಿ, ಹೇಳ್ತೀರಿ. ನಂಗೆ ಕಾಣೋದು ಬಿಳೀ ಮೋಡ. ಮೋಡ ಅಳುತ್ತೆ ಅಂತ ಮಾತ್ರ ಗೊತ್ತು” ಎನ್ನುತ್ತಾರೆ. ಹನ್ನೊಂದು ತಿಂಗಳು ಸರದಿ ಕಾದಿದ್ದಾರೆ. ಈ ಸರದಿ ತಪ್ಪಿದರೆ ಮತ್ತೆ ಪಟ್ಟಿಯ ಬಾಲಕ್ಕೆ.

ತಪ್ಪು ಎಲ್ಲಿ ಆಯಿತೆಂದು ಈಗ ನನಗೆ ಗೊತ್ತು. ನಮ್ಮ ಮಗು ಮಾವನವರ ಹುಟ್ಟಿದ ದಿನವೇ ಹುಟ್ಟಿತು. ಮನೆಯವರೆಲ್ಲ ಹಿಗ್ಗಿ ಹೀರೇಕಾಯಿಯಾಗಿ ಅವರ ಹೆಸರನ್ನೇ ಇಟ್ಟರು. ಹೆಸರು ಒಂದೇ, ದಿನಾಂಕ ಒಂದೇ, ತಿಂಗಳು ಒಂದೇ, ಮನೆ ಒಂದೇ. ಮಾವನವರ ಬಳಿ ಫೋನಿಲ್ಲ, ಮಗುವಿನ ಬಳಿಯೂ ಇಲ್ಲ. ಹಾಗಾಗಿ ಇಬ್ಬರಿಗೂ ನನ್ನದೇ ನಂಬರು. ನಿಮ್ಮ ಯಂತ್ರ ಇದನ್ನೆಲ್ಲ ತೂಗಿ ನೋಡಿ, ನಡುವಿನ ಎಪ್ಪತ್ತೊಂದು ವರ್ಷವನ್ನು ‘ನಮೂದಿಸುವಾಗ ಆದ ಸಣ್ಣ ದೋಷ’ ಎಂದು ತೀರ್ಮಾನಿಸಿದೆ. ಹೊಸ ದಾಖಲೆಯನ್ನು ಉಳಿಸಿಕೊಂಡು ಹಳೆಯದನ್ನು ಅದರೊಳಗೆ ಕರಗಿಸಿದೆ. ಒಬ್ಬ ಮನುಷ್ಯನ ಇಡೀ ಆಯುಷ್ಯ ಸಣ್ಣ ದೋಷವಾಗುವುದಾದರೆ, ದೊಡ್ಡ ದೋಷ ಎಂದು ತಾವು ಯಾವುದನ್ನು ಕರೆಯುತ್ತೀರಿ?

ಸಹಾಯವಾಣಿಗೆ ಕರೆ ಮಾಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಪಾಪ, ಅವಳಿಗೂ ನಿದ್ದೆಯಿಲ್ಲ.

“ಮೇಡಂ, ಸಿಸ್ಟಮ್ಮಲ್ಲಿ ಒಬ್ರೇ ಇದಾರೆ.”

“ಮನೇಲಿ ಇಬ್ಬರಿದಾರಮ್ಮ. ಒಬ್ಬರು ನನ್ನ ಮುಂದೆ ಕೂತಿದಾರೆ, ಇನ್ನೊಬ್ಬ ನನ್ನ ಹೆಗಲ ಮೇಲೆ ಕಕ್ಕಿದಾನೆ.”

“ಪೇಶಂಟ್ ಹತ್ರಾನೇ ಮಾತಾಡ್ಬೇಕು ಮೇಡಂ, ರೂಲ್ಸು.”

ಮಾವನವರಿಗೆ ಫೋನು ಕೊಟ್ಟೆ. ಹೆಸರು ಹೇಳಿದರು, ಹುಟ್ಟಿದ ದಿನ, ತಿಂಗಳು ಹೇಳಿದರು. ವರ್ಷ ಹೇಳಿದ್ದೇ ತಡ, “ಇಲ್ಲ ಸರ್, ತಪ್ಪು. ನೀವು ಹುಟ್ಟಿ ನಾಲ್ಕು ತಿಂಗಳಾಗಿದೆ” ಎಂದಳು.

“ಅದಕ್ಕೇ ಏನೋ ಹಲ್ಲಿಲ್ಲ ನಂಗೆ” ಎಂದರು ಮಾವ.

ಸರಿ, ಸಿಸ್ಟಮ್ಮು ಒಪ್ಪಿಕೊಂಡ ಪೇಶಂಟನ್ನೇ ಕೊಡೋಣವೆಂದು ಮಗುವಿನ ಬಾಯಿಯ ಬಳಿ ಫೋನು ಹಿಡಿದೆ. ಅದು ‘ಗ್ಗೂ’ ಎಂದಿತು. “ಸರ್, ಸ್ವಲ್ಪ ಜೋರಾಗಿ ಹೇಳಿ” ಎಂದಳು ಆ ಹುಡುಗಿ. ಅಲ್ಲಿಗೆ ನನಗೆ ನಗು ಬಂತು, ಆಮೇಲೆ ಅಳು ಬಂತು. ಅವಳು ಮೆಲ್ಲಗೆ ಹೇಳಿದಳು: “ಅಕ್ಕಾ, ನಂಗೆ ಅರ್ಥ ಆಯ್ತು. ಆದ್ರೆ ಒಂದು ಮಾಡಿದ್ದನ್ನ ಮತ್ತೆ ಎರಡು ಮಾಡೋ ಅಧಿಕಾರ ಡೈರೆಕ್ಟರಿಗೆ ಮಾತ್ರ. ಅವರು ಹತ್ತಕ್ಕೆ ಬರ್ತಾರೆ. ಆಪರೇಷನ್ ಲಿಸ್ಟು ಆರಕ್ಕೆ ಮುಚ್ಚುತ್ತೆ, ಅಷ್ಟರಲ್ಲಿ ವಯಸ್ಸು ಸರಿಹೋಗ್ದಿದ್ರೆ ಆಸ್ಪತ್ರೆಯವರು ತಾತನ್ನ ಸೇರಿಸ್ಕೊಳ್ಳಲ್ಲ. ದೂರಿನ ಫಾರಂ ತುಂಬಿ.” ಆ ಫಾರಮ್ಮಿನಲ್ಲಿ ಇನ್ನೂರು ಅಕ್ಷರಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಹಾಗಾಗಿ ನಿಮ್ಮದೇ ಜಾಲತಾಣದ ‘ಸಂತೃಪ್ತ ನಾಗರಿಕರ ಅಭಿಪ್ರಾಯ’ ಪುಟದಲ್ಲಿ, ಎಲ್ಲರೂ ಓದುವಂತೆ, ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಜಾಗ ಬೇಕಾದಷ್ಟು ಖಾಲಿಯಿದೆ.

ನಾನು ತಂತ್ರಜ್ಞಾನದ ವೈರಿಯಲ್ಲ. ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಮಗುವಿನ ಜನನ ಪ್ರಮಾಣಪತ್ರ ಎರಡೇ ದಿನದಲ್ಲಿ ಮನೆಗೆ ಬಂದಾಗ ಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. ಲಸಿಕೆಯ ದಿನ ನಾನು ಮರೆತರೂ ನೀವು ಮರೆಯುವುದಿಲ್ಲ. ಹೊಟ್ಟೆಯಲ್ಲಿ ಮಗುವನ್ನು ಹೊತ್ತು ಕಚೇರಿಯ ಮೆಟ್ಟಿಲು ಹತ್ತಿಳಿಯುವುದನ್ನು ತಪ್ಪಿಸಿದ್ದೀರಿ. ಆ ಉಪಕಾರ ಮರೆತಿಲ್ಲ. ಆದರೆ ಲಕ್ಷ ಜನರಲ್ಲಿ ಒಬ್ಬರ ವಿಷಯದಲ್ಲಿ ಎಡವುವ ಯಂತ್ರ ಒಳ್ಳೆಯ ಯಂತ್ರವೇ, ಸ್ವಾಮಿ, ಆ ಒಬ್ಬರನ್ನು ಎತ್ತಿ ನಿಲ್ಲಿಸಲು ಪಕ್ಕದಲ್ಲಿ ಒಬ್ಬ ಮನುಷ್ಯ ಇದ್ದರೆ. ಆ ಮನುಷ್ಯ ಬೆಳಿಗ್ಗೆ ಹತ್ತಕ್ಕೆ ಬರುವುದಾದರೆ ಯಂತ್ರವನ್ನೂ ಹತ್ತಕ್ಕೇ ಕೆಲಸಕ್ಕೆ ಬರಹೇಳಿ.

ಇನ್ನೊಂದು ವಿಷಯ. ಇದನ್ನು ಮಾವನವರಿಗೆ ಹೇಳಿಲ್ಲ. ಹೋದ ತಿಂಗಳು ನಿಮ್ಮಿಂದ ಒಂದು ಪ್ರಶ್ನೆ ಬಂದಿತ್ತು: “ಒಂದೇ ಹೆಸರಿನ ಎರಡು ದಾಖಲೆಗಳಿವೆ. ಒಂದುಗೂಡಿಸಿ ಸೇವೆಯನ್ನು ಸುಲಭಗೊಳಿಸೋಣವೇ?” ಮಗು ಹೆಗಲ ಮೇಲಿತ್ತು. ಮೂರು ರಾತ್ರಿ ನಿದ್ದೆಯಿರಲಿಲ್ಲ. ‘ಸುಲಭ’ ಎಂಬ ಒಂದು ಪದ ಮಾತ್ರ ಕಣ್ಣಿಗೆ ಬಿತ್ತು. ಹೆಬ್ಬೆಟ್ಟಿನಿಂದ ‘ಹೌದು’ ಒತ್ತಿಬಿಟ್ಟೆ. ತಪ್ಪು ನನ್ನದೂ ಇದೆ. ಆದರೆ ಒಬ್ಬ ಮುದುಕರನ್ನು ಅಳಿಸಿಹಾಕಲು ನಿದ್ದೆಗೆಟ್ಟ ಬಾಣಂತಿಯ ಒಂದು ಹೆಬ್ಬೆಟ್ಟು ಸಾಕೆಂದಾದರೆ, ಅವರನ್ನು ವಾಪಸು ಕರೆಯಲು ನಿರ್ದೇಶಕರೇ ಏಕೆ ಬೇಕು? ಇಬ್ಬರನ್ನು ಒಬ್ಬರಾಗಿಸುವ ಮೊದಲು ಒಮ್ಮೆ ಫೋನು ಮಾಡಿ ಕೇಳಿ. ಬೇರ್ಪಡಿಸುವ ಅಧಿಕಾರವನ್ನು ಸಹಾಯವಾಣಿಯ ಆ ಹುಡುಗಿಗೂ ಕೊಡಿ. ಅವಳಿಗೆ ಬುದ್ಧಿಯೂ ಇದೆ, ಮನಸ್ಸೂ ಇದೆ.

ಈಗ ನಾಲ್ಕೂಕಾಲು. ಮಾವನವರು ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರಿಪೋರ್ಟಿನ ಚೀಲ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿ ಕುರ್ಚಿ ಹಾಕಿ ಕೂತಿದ್ದಾರೆ. ನಿನ್ನೆ ರಾತ್ರಿಯಿಂದ ನೀರೂ ಮುಟ್ಟಿಲ್ಲ. “ಏನಮ್ಮಾ, ಸರಿಹೋಯ್ತಾ?” ಎಂದು ಎರಡು ಸಲ ಕೇಳಿದರು. “ಬರೀತಾ ಇದೀನಿ ಮಾವ” ಎಂದೆ. “ಬರಿ ಬರಿ. ಬೈಬೇಡ, ದೊಡ್ಡವರು” ಎಂದರು. ಬೈದಿದ್ದರೆ ಕ್ಷಮಿಸಿ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ನಿರ್ದೇಶಕರ ಮನೆ ಗೊತ್ತಿದ್ದರೆ ದಯವಿಟ್ಟು ಬಾಗಿಲು ಬಡಿಯಿರಿ. ನಿರ್ದೇಶಕರೇ, ನನ್ನ ನಂಬರು ನಿಮ್ಮಲ್ಲಿದೆ. ಆರರೊಳಗೆ ಒಂದು ಕರೆ ಮಾಡಿ. ಮಗು ಎದ್ದರೂ ಪರವಾಗಿಲ್ಲ, ಮಾಡಿ.

ಇಂತಿ,
ನಿಮ್ಮ ಹೊಸ ದಾಖಲೆಯ ಪ್ರಕಾರ
ಸ್ವಂತ ಮಾವನನ್ನೇ ಹೆತ್ತವಳು