ನೆಂಟರು ಬರುತ್ತಾರೆಂದು ಸುಟ್ಟ ತೋಟ

ಅತ್ತೆಮ್ಮಾ,

ನೀವು ಹೋದ ಮೇಲೆ ನಿಮಗೆ ಹೇಳಬೇಕಾದದ್ದು ಬೇಕಾದಷ್ಟಿತ್ತು. ಒಳ್ಳೆಯ ಸುದ್ದಿಯೊಂದು ಬರಲಿ, ಆಗ ಹೇಳೋಣ ಅಂತ ಕಾದೆ. ಈಗ ಬಂದಿದೆ ನೋಡಿ ಸುದ್ದಿ: ನಮ್ಮ ತೆಂಗಿನ ತೋಟ ಮಾದರಿ ತೋಟವಂತೆ. ಸುಸ್ಥಿರ ಕೃಷಿಯ ಮಾದರಿ. ತೋಟದ ಬಾಯಿಗೆ ಹಸಿರು ಬಣ್ಣದ ಫಲಕ ನಿಲ್ಲಿಸಿ ಹೋಗಿದ್ದಾರೆ. ಅದನ್ನು ಕಂಡಾಗಲೆಲ್ಲ ಕಿತ್ತೆಸೆಯಬೇಕು ಅನ್ನಿಸುತ್ತದೆ. ನಿಮ್ಮ ದೊಡ್ಡ ಮಗನಿಗೆ ಹೇಳಿದರೆ "ಬುಡು, ಆಗಿದ್ದಾಯ್ತು" ಅನ್ನುತ್ತಾರೆ. ಬಿಡಲು ನನಗೆ ಆಗುತ್ತಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಊರವರು ನಮ್ಮ ತೋಟಕ್ಕೆ ಇಟ್ಟಿದ್ದ ಹೆಸರು ನೆನಪಿದೆಯಾ? ಹಾವಿನ ತೋಟ. ಬಿದ್ದ ಗರಿ ಬಿದ್ದಲ್ಲೇ, ಕಾಯಿಯ ಸಿಪ್ಪೆ ಮರದ ಬುಡದಲ್ಲೇ, ಅದರ ಮೇಲೆ ಹುರುಳಿ ಬಳ್ಳಿ, ಹುಲ್ಲು, ನನಗೆ ಹೆಸರೂ ಗೊತ್ತಿಲ್ಲದ ಗಿಡಗಳು... ಪಕ್ಕದ ತೋಟದ ಸಿದ್ಲಿಂಗಣ್ಣ ಬೇಲಿಯ ಆಚೆ ನಿಂತು, "ಏನ್ ಅಕ್ಕಯ್ಯ, ತೆಂಗು ಸಾಕ್ತಿದ್ದೀಯೋ ಹಾವು ಸಾಕ್ತಿದ್ದೀಯೋ?" ಅಂದ. ನೀವು ಬಗ್ಗಿಸಿದ ತಲೆ ಎತ್ತದೆ, "ಹಾವಿಗೂ ಒಂದ್ ಮನೆ ಬ್ಯಾಡ್ವೇನ್ಲಾ?" ಅಂದಿರಿ. ಆಮೇಲೆ ನನ್ನ ಕೈ ಹಿಡಿದು ಗರಿಗಳ ಕೆಳಗೆ ತೂರಿಸಿದಿರಿ. ನಡು ಬೇಸಿಗೆಯಲ್ಲೂ ಅಲ್ಲಿ ತಣ್ಣಗಿತ್ತು, ಮಣ್ಣು ಬೆರಳಿಗೆ ಅಂಟಿತು. "ನೆಲಾನ ಬೆತ್ತಲೆ ಬಿಡಬಾರ್ದು ಕಣೇ" ಅಂದಿರಿ. ನೀವು ನನಗೆ ಬಾಯಿಬಿಟ್ಟು ಕಲಿಸಿದ ಬೇಸಾಯ ಅಷ್ಟೇ, ಮಿಕ್ಕಿದ್ದನ್ನು ನೋಡಿ ಕಲಿತೆ.

ಟ್ರ್ಯಾಕ್ಟರಿನ ಹಿಂದೆ ಕಟ್ಟಿ ನೆಲ ಉಳುವ ಸಬ್ಸಿಡಿಯ ರೊಟವೇಟರ್ ಮೊದಲ ಸಲ ಊರಿಗೆ ಬಂದ ದಿನ ನೀವು ತೋಟದ ದಾರಿಗೆ ಅಡ್ಡವಾಗಿ ಕಂಬಳಿ ಹಾಸಿ ಕೂತಿರಿ. ಮರಗಳ ನಡುವೆ ಉಳಬೇಕು, ಕಳೆ ತೆಗೆಯಬೇಕು, ಹಾಗೆ ಮಾಡಿದವರಿಗೆ ಮಾತ್ರ ನೆರವು ಅಂತ ಇಲಾಖೆಯಿಂದ ಬಂದವರು ಹೇಳುತ್ತಿದ್ದರು. "ನಿನ್ ಗಾಡಿ ನನ್ ಮೇಲ್ ಹತ್ತಿಸ್ಕೊಂಡು ಒಳೀಕ್ ಹೋಗಪ್ಪ" ಅಂದಿರಿ ಟ್ರ್ಯಾಕ್ಟರಿನವನಿಗೆ. ಅವನು ನಗುತ್ತಾ ತಿರುಗಿಸಿಕೊಂಡು ಹೋದ. ಸುತ್ತಲಿನ ತೋಟಗಳನ್ನೆಲ್ಲ ಉತ್ತರು. ಮೇಲೇ ಹರಡಿದ್ದ ಎಳೆ ಬೇರು ತುಂಡಾದವು. ಕೆಲವು ವರ್ಷಕ್ಕೆ ಮರಗಳ ಮೈಯಿಂದ ಕೆಂಪು ರಸ ಸೋರತೊಡಗಿತು. ಉತ್ತಿದ್ದಕ್ಕೇ ಸೋರಿತು ಅಂತ ನಾನು ಆಣೆ ಇಟ್ಟು ಹೇಳಲಾರೆ. ಆದರೆ ಆಮೇಲೆ ಏನಾಯಿತು? ಮರಕ್ಕೆ ಬಳಿಯುವ ಔಷಧಿಗೂ ಸಬ್ಸಿಡಿ ಬಂತು. ಬೇರು ಕತ್ತರಿಸುವವರಿಗೂ ನೆರವು, ಮರ ಸೊರಗಿದ ಮೇಲೂ ನೆರವು. ಬೇರನ್ನು ಅದರ ಪಾಡಿಗೆ ಬಿಟ್ಟ ನಿಮಗೆ ಏನೂ ಇಲ್ಲ. ಯಾಕೆ ಅಂದರೆ ನೆರವು ಬೇಕಾದರೆ ಬಿಲ್ಲು ತೋರಿಸಬೇಕು, ತಾನಾಗಿ ಬಿದ್ದ ಗರಿಗೆ ಯಾವ ಅಂಗಡಿಯವನು ಬಿಲ್ಲು ಕೊಡುತ್ತಾನೆ? ಬಿಲ್ಲಿಲ್ಲದ ಬೇಸಾಯ ಸರ್ಕಾರದ ಕಣ್ಣಿಗೆ ಬೇಸಾಯವೇ ಅಲ್ಲ.

ಇದೇ ಮಾತನ್ನು ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ತುರುವೇಕೆರೆಯ ಒಂದು ಕಲ್ಯಾಣ ಮಂಟಪದಲ್ಲಿ ಮೈಕು ಹಿಡಿದು ಹೇಳಿದೆ. ಹೌದು, ನಿಮ್ಮ ಸೊಸೆಯೇ! ಕೃಷಿ ನೀತಿಯನ್ನು ಬದಲಾಯಿಸುತ್ತಾರಂತೆ, ಮಣ್ಣು ಉಳಿಸುವವರಿಗೆ, ಹಳ್ಳಿಯಲ್ಲಿ ಬದುಕುವವರಿಗೆ ಅನುಕೂಲವಾಗುವ ಹಾಗೆ, ಅದಕ್ಕೆ ರೈತರ ಮಾತು ಕೇಳುತ್ತಾರಂತೆ ಅಂತ ಕರೆದಿದ್ದರು. ಸುತ್ತ ಎತ್ತ ನೋಡಿದರೂ ತೆಂಗು. ಆದರೆ ವೇದಿಕೆಯ ಮೇಲಿದ್ದವರ ಮುಂದೆಲ್ಲ ಪ್ಲಾಸ್ಟಿಕ್ ಬಾಟಲಿಯ ನೀರು. ಒಬ್ಬರಿಗಾದರೂ ಒಂದು ಎಳನೀರು ಕೊಚ್ಚಿ ಕೊಡಬೇಕು ಅನ್ನಿಸಲಿಲ್ಲವಲ್ಲ ಅಂತ ಅಲ್ಲೇ ಒಂದು ಥರ ಅಸಹ್ಯವಾಯಿತು. ಆದರೂ ಎದ್ದು ನಿಂತೆ. "ನೆಲ ಉಳೋರಿಗೆ ಕೊಡ್ತೀರಿ, ನೆಲ ಮುಚ್ಚಿಟ್ಕಂಡೋರಿಗೆ ಯಾಕೆ ಕೊಡಲ್ಲ ಸ್ವಾಮಿ?" ಅಂದೆ. ನಡುವೆ ಕೂತಿದ್ದ ಹಿರಿಯ ಅಧಿಕಾರಿ ತಲೆ ಎತ್ತಿ, "ಗ್ರೌಂಡ್ ಕವರ್! ಒಳ್ಳೆ ಪಾಯಿಂಟಮ್ಮ" ಅಂದರು. ನಮ್ಮ ತೋಟವನ್ನೇ ನೋಡಲು ತಂಡ ಬರುತ್ತದೆ, ಒಪ್ಪಿಗೆಯಾದರೆ ನೆಲ ಮುಚ್ಚಿಟ್ಟವರಿಗೆ ನೆರವು ಕೊಡುವ ಯೋಜನೆ ನಮ್ಮ ಊರಿನಿಂದಲೇ ಶುರು ಅಂದರು. ಜನ ಚಪ್ಪಾಳೆ ತಟ್ಟಿದರು.

ಬಸ್ಸಿಳಿದವಳು ನೆಟ್ಟಗೆ ಸಾಕಮ್ಮನ ಮನೆಗೆ ಹೋದೆ. ನಿಮಗೆ ಗೊತ್ತಲ್ಲ, ಅವಳಿಗೆ ತುಂಡು ನೆಲವಿಲ್ಲ, ಒಂದು ಹಸುವಿದೆ. ದಿನಾ ನಮ್ಮ ತೋಟದಲ್ಲಿ ಹುಲ್ಲು ಕೊಯ್ದು ಆ ಹಸು ಸಾಕಿದಳು, ಆ ಹಾಲಿನಲ್ಲಿ ಮನೆ ನಡೆಸಿದಳು. ನೀವು ಬೆಳಿಗ್ಗೆ ಬೇಲಿಯ ಹತ್ತಿರ ಅವಳಿಗೆ ಕಾಫಿಯ ಲೋಟ ಇಡುತ್ತಿದ್ದಿರಿ, ಅದು ಖಾಲಿಯಾಗಿದ್ದರೆ ಅವಳು ಬಂದು ಹೋದಳು ಅಂತ ಲೆಕ್ಕ. ಸಭೆಯ ಸುದ್ದಿ ಕೇಳಿ ಅವಳು, "ಹಂಗಾರೆ ಇನ್ಮೇಲೆ ಎಲ್ಲಾರ ತೋಟದಾಗೂ ಹುಲ್ಲು ಬತ್ತೈತೆ ಅನ್ನು! ಇನ್ನೊಂದ್ ಕರ ಕಟ್ಬೋದು ಕಣವ್ವ" ಅಂದಳು. ಆ ದಿನ ನೀವು ಇರಬೇಕಿತ್ತು. ಎಷ್ಟು ಹಿಗ್ಗಿದ್ದೆ ಗೊತ್ತಾ?

ಹಂದನಕೆರೆಯ ನನ್ನ ತವರಿನಲ್ಲಿ ಅಣ್ಣನ ಮೊಮ್ಮಗುವಿಗೆ ಹೆಸರಿಡುವ ಶಾಸ್ತ್ರ ಮುಗಿಸಿಕೊಂಡು ಬಂದ ದಿನವನ್ನು ಹೇಗೆ ಹೇಳಲಿ? ತಂಡ ಮರುದಿನ ಬರುವುದಿತ್ತು. ಬಸ್ಸಿಳಿಯುತ್ತಲೇ ಹೊಗೆ ವಾಸನೆ. ಯಾರದೋ ಬದುವಿಗೆ ಬೆಂಕಿ ಬಿದ್ದಿರಬೇಕು ಅಂದುಕೊಂಡೆ. ತೋಟದ ಹತ್ತಿರ ಬಂದರೆ ನಿಮ್ಮ ಚಿಕ್ಕ ಮಗ ಶಿವಣ್ಣ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದಾನೆ. ಈಗ ಅವನು ಬೆಳೆಗಾರರ ಸಂಘದಲ್ಲಿ ನಿರ್ದೇಶಕ. ಒಂದು ಗರಿಯಿಲ್ಲ, ಒಂದು ಸಿಪ್ಪೆಯಿಲ್ಲ, ಒಂದು ಹುಲ್ಲು ಕಡ್ಡಿಯಿಲ್ಲ. ರೊಟವೇಟರ್ ಹೊಡೆದ ನೆಲ ಬಾಚಿದ ತಲೆಯ ಹಾಗೆ ಗೆರೆ ಗೆರೆಯಾಗಿದೆ. ಪ್ರತಿ ಮರದ ಸೊಂಟಕ್ಕೂ ಹಬ್ಬದ ಗೋಡೆಗೆ ಬಳಿದ ಹಾಗೆ ಸುಣ್ಣ ಕೆಮ್ಮಣ್ಣಿನ ಪಟ್ಟಿ. ಗುಡ್ಡೆ ಹಾಕಿದ ಗರಿಗೆ ಬೆಂಕಿ ಇಟ್ಟಿದ್ದಾರೆ. ಕೆರೆ ಕಡೆ ಹೊದಿಕೆ ದಪ್ಪಗಿತ್ತಲ್ಲ, ಅಲ್ಲಿ ಬೆಂಕಿ ಕೈಮೀರಿ ಮರಗಳ ಬುಡವೇ ಕರಿಯಾಗಿತ್ತು, ಎಳೆಯ ಮರಗಳ ಸುಳಿ ಬಾಡಿತ್ತು.

"ಹೆಂಗೈತೆ ಅತ್ತಿಗೆ? ಇವಾಗ ತೋಟ ಅನ್ನಂಗೈತೆ" ಅಂದ ಶಿವಣ್ಣ.

"ಅವ್ರು ನೋಡಾಕ್ ಬರ್ತಿದ್ದದ್ದೇ ಆ ಗರೀನ ಕಣಪ್ಪ!" ಅಂದೆ.

"ಅಯ್ಯೋ, ಬೆಂಗ್ಳೂರಿಂದ ದೊಡ್ಡೋರು ಬತ್ತಾವ್ರೆ. ಅವ್ರಿಗೆ ಕಸ ತೋರ್ಸಾಕಾಯ್ತದಾ? ನಮ್ಗೂ ಮರ್ವಾದಿ ಐತೆ."

ನಿಮ್ಮ ದೊಡ್ಡ ಮಗನ ಕಡೆ ತಿರುಗಿದೆ. ನನ್ನ ಗಂಡನ ಕೈಯಲ್ಲಿ ಸುಣ್ಣದ ಕುಂಚವಿತ್ತು. "ನೆಂಟ್ರು ಬಂದ್ರೆ ನೀನು ಅಂಗಳ ಗುಡ್ಸಲ್ವೇನೇ?" ಅಂದರು, ನಿಜಕ್ಕೂ ಅರ್ಥವಾಗದವರ ಹಾಗೆ. ಏನು ಹೇಳಲಿ? ಗುಡಿಸುತ್ತೇನೆ. ಸಾರಿಸುತ್ತೇನೆ, ರಂಗೋಲಿಯನ್ನೂ ಇಡುತ್ತೇನೆ. ಇವರು ಕೆಟ್ಟದ್ದು ಮಾಡಲು ಹೋಗಿರಲಿಲ್ಲ ಅತ್ತೆಮ್ಮಾ. ಬಂದವರಿಗೆ ಗೌರವ ತೋರಿಸಲು ಹೋಗಿ ಬಂದವರು ನೋಡಬೇಕಾದದ್ದನ್ನೇ ಸುಟ್ಟಿದ್ದರು. ಕೆಟ್ಟ ಬುದ್ಧಿಯಿಂದ ಮಾಡಿದ್ದರೆ ಬಾಯಿಗೆ ಬಂದ ಹಾಗೆ ಬೈದು ಹಗುರಾಗುತ್ತಿದ್ದೆ. ಅದೂ ಆಗಲಿಲ್ಲ.

ಮರುದಿನ ತಂಡ ಬಂದಾಗ ನಾನು ಒಂದೇ ಆಸೆ ಇಟ್ಟುಕೊಂಡಿದ್ದೆ: ಇವರಿಗೆ ಗೊತ್ತಾಗುತ್ತದೆ, ಇವರು ಓದಿದವರು, ಇದೇನು ಮಾಡಿಟ್ಟಿದ್ದೀರಿ ಅಂತ ಎಲ್ಲರ ಮುಂದೆ ಕೇಳುತ್ತಾರೆ ಅಂತ. ಕೇಳಿದರಾ? ಅದೇ ಹಿರಿಯ ಅಧಿಕಾರಿ ಕಾರಿಳಿದು ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿ, "ಎಷ್ಟು ಅಚ್ಚುಕಟ್ಟಾಗಿ ಇಟ್ಕೊಂಡಿದ್ದೀರಿ!" ಅಂದರು. ಸುಣ್ಣದ ಪಟ್ಟಿಗಳು ಸಾಲಾಗಿ ಕಾಣುವ ಹಾಗೆ ನಿಂತು ಫೋಟೋ ತೆಗೆಸಿಕೊಂಡರು. ನಾನು ನಡುವೆ ನುಗ್ಗಿ ಹೇಳಿದೆ. ಸ್ವಾಮಿ, ಇದಲ್ಲ ನಾನು ಹೇಳಿದ್ದು, ಮೊನ್ನೆಯವರೆಗೂ ಇಲ್ಲಿ ಗರಿಯಿತ್ತು, ಹುಲ್ಲಿತ್ತು, ಎರೆಹುಳುವಿತ್ತು, ನಿಮಗೆ ಚೆನ್ನಾಗಿ ಕಾಣಲಿ ಅಂತ ಸುಟ್ಟುಹಾಕಿದರು, ಬನ್ನಿ ಬೂದಿ ತೋರಿಸುತ್ತೇನೆ ಅಂದೆ. ಶಿವಣ್ಣ ಅಡ್ಡ ಬಂದು ಸುಮ್ಮನಿರಿ ಅಂತ ಕಣ್ಸನ್ನೆ ಮಾಡಿದ. ಅಧಿಕಾರಿ ಸಮಾಧಾನವಾಗಿ ನಕ್ಕು, "ಬೇಜಾರ್ ಮಾಡ್ಕೋಬೇಡಿ ಅಮ್ಮ. ನೆಲಕ್ಕೆ ಹೊದಿಕೆ ತಾನೇ ಬೇಕು? ನಾವೇ ಕೊಡ್ತೀವಿ" ಅಂದರು. ಬೂದಿಯ ಕಡೆ ಹೋಗಲಿಲ್ಲ. ಬೂಟು ಕೊಳೆಯಾಗುತ್ತಿತ್ತೇನೋ.

ಕೊಟ್ಟರು ಅತ್ತೆಮ್ಮಾ. ಯುಗಾದಿಯ ಆಚೆಗೆ ಟೆಂಪೋದಲ್ಲಿ ಬಂದಿಳಿಯಿತು ಹೊದಿಕೆ. ಕರೀ ಪ್ಲಾಸ್ಟಿಕ್ ಹಾಳೆಯ ಸುರುಳಿಗಳು! ಮರದ ಬುಡದಲ್ಲಿ ಅದನ್ನು ಹಾಸಬೇಕಂತೆ, ತೇವ ಆರುವುದಿಲ್ಲವಂತೆ, ಕಳೆ ಬರುವುದಿಲ್ಲವಂತೆ. ಹಾಸುವ ಮೊದಲು ನೆಲದ ಮೇಲಿನ ಗರಿ, ಹುಲ್ಲು ಎಲ್ಲ ತೆಗೆದು ಚೊಕ್ಕ ಮಾಡಿರಬೇಕು, ಆಗ ಮಾತ್ರ ನೆರವು. ಮಾದರಿಗೆ ನಮ್ಮ ತೋಟ ನೋಡಿಕೊಳ್ಳಿ ಅಂತ ಸುತ್ತಲ ಹಳ್ಳಿಗಳಿಗೂ ಹೇಳಿದ್ದಾರೆ. ಥೂ! ನಾನು ಮೈಕಿನಲ್ಲಿ ಹೇಳಿದ ಮಾತು, ನಿಮ್ಮ ಮಾತು, ಇವರ ಕಿವಿಗೆ ಹೋಗಿ ಕರೀ ಹಾಳೆಯಾಗಿ ವಾಪಸು ಬಂತು. ಕೇಳಿಸಿಕೊಳ್ಳಲೇ ಇಲ್ಲ ಅಂತ ದೂರಲೂ ಆಗದಂತೆ ಕೇಳಿಸಿಕೊಂಡರು. ನೀತಿ ಬದಲಾಯಿತಂತೆ. ಬದಲಾದದ್ದು ಬಿಲ್ಲು ಬರೆಯುವ ಅಂಗಡಿ ಒಂದೇ. ಆ ಸುರುಳಿ ಬಿಚ್ಚಿದಾಗ ಏಳುವ ವಾಸನೆ ತಡೆಯಲಾರದೆ ಹೋಗಿ ಬೇಲಿಯ ಪಕ್ಕ ಕೂತುಬಿಟ್ಟೆ. ಅಲ್ಲಿಗೇ ಸಾಕಮ್ಮ ಕುಡುಗೋಲು, ಖಾಲಿ ಕುಕ್ಕೆ ಹಿಡಿದುಕೊಂಡು ಬಂದಳು. ಎಲ್ಲ ತೋಟಗಳನ್ನೂ ಸುತ್ತಿ ಬಂದಿದ್ದಳು. "ನಮ್ ದನಕ್ಕೆ ಇದನ್ನೇ ಮೇಯಿಸ್ಲಾ ಕಣವ್ವ?" ಅಂದಳು. ಮುಂದಿನ ಸಂತೆಗೆ ಹಸುವನ್ನು ಹೊಡೆದುಕೊಂಡು ಹೋದಳು.

ಕೊನೆಯ ದಿನಗಳಲ್ಲಿ ನೀವು ಇಬ್ಬರು ಮಕ್ಕಳ ಕೈಯನ್ನೂ ಎದೆಯ ಮೇಲೆ ಇಟ್ಟುಕೊಂಡು, "ತೋಟ ತುಂಡ್ ಮಾಡ್ಬ್ಯಾಡ್ರಪ್ಪ, ಒಲೆ ಎಲ್ಡ್ ಮಾಡ್ಬ್ಯಾಡಿ" ಅಂದಿರಿ. ನಾನು ನಿಮ್ಮ ಕಾಲ ಬಳಿ ಕೂತಿದ್ದೆ. ನನಗೆ ಬೇರೆ ಹೇಳುವ ಅಗತ್ಯವಿಲ್ಲ ಅಂದುಕೊಂಡಿರೇನೋ. ಈಗ ನೀವು ಕೇಳದೇ ಇರುವ ಸುದ್ದಿ ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಕಾದರೆ ಮಾಡಿಕೊಳ್ಳಿ. ಪ್ಲಾಸ್ಟಿಕ್ ಹಾಸಲು ಆಳುಗಳು ಬಂದ ದಿನ, ತೋಟದ ಒಂದು ಭಾಗವಾದರೂ ಆ ಹಾಳೆಯಿಂದ ಉಳಿಯಲಿ ಅಂತ ನಾನು ಪಾಲು ಕೇಳಿದೆ. ನಿಮ್ಮ ದೊಡ್ಡ ಮಗ ಊಟದ ತಟ್ಟೆಯ ಮುಂದಿನಿಂದ ಎದ್ದುಬಿಟ್ಟರು. "ಅವ್ವ ಬ್ಯಾಡ ಅಂದಿದ್ಲಲ್ಲೇ?" ಅಂದರು.

"ಬೆಂಕಿ ಹಾಕಿ ಅಂದಿದ್ರಾ?" ಅಂದೆ.

ಅವರು ಕೈ ತೊಳೆದರು. ಆಮೇಲೆ ತಾವೇ ಹೋಗಿ ತಮ್ಮನನ್ನು ಕರೆದುಕೊಂಡು ಬಂದರು. ಶಿವಣ್ಣ ಮೊದಲು ಕೂಗಾಡಿದ, ಆಮೇಲೆ ಅತ್ತ. ಊರಿನ ನಾಲ್ಕು ಜನ ಕೂತು ಹಗ್ಗ ಹಿಡಿದು ಅಳೆದರು, ನಡುವೆ ಕಲ್ಲು ನೆಟ್ಟರು. ಈಗ ನಮ್ಮ ಮನೆಯಲ್ಲಿ ಎರಡು ಒಲೆ. ಒಡೆದವಳು ನಾನು, ಬೇರೆ ಯಾರೂ ಅಲ್ಲ. ನೀವಿದ್ದಿದ್ದರೆ ನನ್ನ ಕೆನ್ನೆಗೆ ಬಾರಿಸುತ್ತಿದ್ದಿರಿ, ಗೊತ್ತು. ಬಾರಿಸಿದ ಮೇಲೆ, ನನಗೆ ನಿಮ್ಮ ಗುಣ ಗೊತ್ತಿಲ್ಲವೇ, "ಯಾವ್ ಪಾಲು ತಗಂಡೆ ಕಣೇ?" ಅಂತ ಕೇಳುತ್ತಿದ್ದಿರಿ.

ರಸ್ತೆ ಕಡೆಯದನ್ನು, ಬಾವಿ ಇರುವುದನ್ನು ತಗೋ ಅಂದರು ಅತ್ತೆಮ್ಮಾ. ನಾನು ಕೆರೆ ಕಡೆಯ ಸುಟ್ಟದ್ದನ್ನು ತೆಗೆದುಕೊಂಡೆ.

ನಿಮ್ಮ ಸೊಸೆ