ಬೆಳ್ಳಿ ಹೊದಿಕೆ

ಅಕ್ಕಾ, ಕಾರ್ಡು ಚಿಕ್ಕದು, ಕುಶಲ ಆಮೇಲೆ.

ಇಲ್ಲಿ ಮಿಲ್ಲಿನಲ್ಲಿ ಬಟ್ಟೆ ನಾರದಿರಲೆಂದು ಕಣ್ಣಿಗೆ ಕಾಣದಷ್ಟು ನುಣ್ಣನೆಯ ಬೆಳ್ಳಿ ಪುಡಿಯನ್ನು ಅದಕ್ಕೆ ಹಿಡಿಸುತ್ತೇವೆ. ಇಪ್ಪತ್ತು ವರ್ಷದಿಂದ ಪುಡಿ ಕಲಸುವ ಮುದುಕ ನಕ್ಕರೆ ಶಾಯಿ ಕುಡಿದವನ ಹಾಗೆ ವಸಡೆಲ್ಲ ನೀಲಿ. "ಬೆಳ್ಳಿ ಕಣ್ರೋ, ವಿಷ ಅಲ್ಲ. ದಿನಕ್ಕೆ ಒಂದು ಚಿಟಿಕೆನೂ ಒಳಗೆ ಹೋಗಲ್ಲ," ಎನ್ನುತ್ತಾನೆ ಮೇಸ್ತ್ರಿ. ಹನಿ ಹನಿ ಕೂಡಿದರೆ ಹಳ್ಳ ಎಂದು ಅವನಿಗೆ ಹೇಳುವವರಾರು? ಮಾಸ್ಕನ್ನು ನಾವು ದಿನಾ ಸೋಪು ಹಾಕಿ ತೊಳೆಯುತ್ತಿದ್ದೆವು. ತೊಳೆದರೆ ಅದು ಪುಡಿ ತಡೆಯುವುದಿಲ್ಲವೆಂದು ಡಾಕ್ಟರು ಮೊನ್ನೆ ಹೇಳಿದರು. ನಾನು ಆರು ವರ್ಷ ತೊಳೆದಿದ್ದೇನೆ. ಕೆಮ್ಮು ಬಿಟ್ಟಿಲ್ಲ, ಅಮ್ಮನಿಗೆ ಹೇಳಬೇಡ.

ಪಾಪುವಿಗೆ ನಾನು ಕಳಿಸಿದ ಹೊದಿಕೆಯೂ ಇಲ್ಲಿಯದೇ. ಅದರ ತುದಿ ಚೀಪದೆ ಮಲಗುವುದಿಲ್ಲ ಎಂದು ಬರೆದಿದ್ದೆಯಲ್ಲ? ಇವತ್ತೇ ಕಿತ್ತುಕೋ. ಅತ್ತರೆ ಅಳಲಿ.

ನಿನ್ನ ತಮ್ಮ